ಎರಕ, ಕಮ್ಮಟ, ಕುಲುಮೆ: ಒಂದು ಪದವಿಚಾರ

ಕಡೂರು, ತರೀಕೆರೆ, ಅಜ್ಜಂಪುರ ಪ್ರಾಂತದ ಲೋಹವೃತ್ತಿಯನ್ನು ಕುರಿತು ಬರೆಯುವವರು ಕಿಟ್ಟದ ರಾಶಿ ಕಂಡಲ್ಲೆಲ್ಲ 'ಎರಕದ ಸಾಲೆ' ಎಂದು ಬರೆದುಬಿಡುವುದುಂಟು. ಇದು ಪರಿಶೀಲಿಸತಕ್ಕ ಮಾತು. ಕಡೂರಿನ ಜೈನ ಪ್ರಾಚೀನತೆ, ಮೂವತ್ತು ವರ್ಷ ತಪವನ್ನಾಚರಿಸಿದ ಪಾಂಬಬ್ಬೆಯನ್ನು ನೆನೆಯುವ ಕ್ರಿ.ಶ. 971ರ ಶಾಸನದಿಂದ ನಮಗೆ ಪರಿಚಿತವೇ ಇದೆ. ಇಂತಹ ನೆಲದ ಲೋಹಬಿಂಬಗಳ ವಿಚಾರದಲ್ಲಿ ಪದದ ತಪ್ಪು ಚರಿತ್ರೆಯ ತಪ್ಪಾಗುತ್ತದೆ.

ಎರಕವೆಂಬುದು 'ಎಱೆ' ಧಾತುವಿನಿಂದ ಬಂದುದು. ಎಱೆ ಎಂದರೆ ಹೊಯ್ಯು, ಸುರಿ. ನೀರೆರೆಯುವುದೂ ಎಣ್ಣೆಯೆರೆಯುವುದೂ ಲೋಹವೆರೆಯುವುದೂ ಒಂದೇ ಕ್ರಿಯೆ. ಆಂಗ್ಲರ 'ಫೌಂಡ್ರಿ' ಶಬ್ದವೂ ಸುರಿ ಎಂಬರ್ಥದ ಲ್ಯಾಟಿನ್ ಧಾತುವಿನಿಂದಲೇ ಹುಟ್ಟಿದುದು ಗಮನಾರ್ಹ. ಆದರೆ ಹಳಗನ್ನಡದಲ್ಲಿ ಎರಕಕ್ಕೆ ಪ್ರೀತಿ, ಒಲವು ಎಂಬ ಅರ್ಥವೂ ಇದೆ. ಅದು 'ಎಱಗು' ಧಾತುವಿಗೆ ಸೇರಿದುದು. ಶಕಟರೇಫೆಯು ರೇಫೆಯಲ್ಲಿ ಲೀನವಾದ ಮೇಲಿನ ಓಲೆಪ್ರತಿಗಳಲ್ಲಿ ಎರೆಭೂಮಿಯ 'ಎರೆ'ಯೂ ಇದೇ ರೂಪದಲ್ಲಿ ಕಾಣಿಸಿಕೊಳ್ಳುವುದರಿಂದ ಓದುಗನಿಗೆ ಸಂದರ್ಭವೊಂದೇ ಶರಣು.

ಕಮ್ಮಟವು ಎರಕಸಾಲೆಯಲ್ಲ. ಅದು ನಾಣ್ಯವನ್ನು ಅಚ್ಚೊತ್ತುವ ಸ್ಥಳ, ಟಂಕಸಾಲೆ. ಕುಲುಮೆಯಾದರೋ ತಿದಿಯೂದಿ ಕಬ್ಬಿಣವನ್ನು ಕಾಯಿಸಿ ಬಡಿಯುವ ಎಡೆ. ಪಂಚಾಳರಲ್ಲಿ ಕಮ್ಮಾರನೂ ಕಂಚುಗಾರನೂ ಬೇರೆ ಬೇರೆ ಎಣಿಕೆಗೊಂಡುದು ಸುಮ್ಮನೆ ಅಲ್ಲ: ಒಬ್ಬನ ಕೆಲಸ ಬಡಿಯುವುದು, ಇನ್ನೊಬ್ಬನದು ಎರೆಯುವುದು. ಜೈನರಲ್ಲಿಯೇ ಬೋಗಾರರು ತಾಮ್ರ ಹಿತ್ತಾಳೆಗಳ ಕೆಲಸವನ್ನೂ ವ್ಯಾಪಾರವನ್ನೂ ನಡೆಸಿಕೊಂಡು ಬಂದವರು.

ಈಗ ಕಿಟ್ಟದ ರಾಶಿಗಳ ಮಾತು. ಹಿಂದಿನ ಕಡೂರು ಜಿಲ್ಲೆಯ ಪೂರ್ವಭಾಗದಲ್ಲಿ ಕಬ್ಬಿಣ ತೆಗೆಯುತ್ತಿದ್ದುದನ್ನು ರೈಸ್ ಅವರು 1897ರ ಗೆಜೆಟಿಯರಿನಲ್ಲಿ ಹೇಳಿದ್ದಾರೆ. ಆದರೆ ಆ ಮಣ್ಣೊಲೆಗಳ ಕಾವಿಗೆ ಕಬ್ಬಿಣ ನೀರಾಗಿ ಹರಿಯುತ್ತಿರಲಿಲ್ಲ. ಕಿಟ್ಟವು ಕರಗಿ ಹೊರಬಿದ್ದು ಕಬ್ಬಿಣವು ಮಿದುವಾದ ಮುದ್ದೆಯಾಗಿ ಉಳಿಯುತ್ತಿತ್ತು. ಅದನ್ನು ಬಡಿದೇ ಶುದ್ಧಿಗೊಳಿಸಬೇಕು. ಹಾಗಾದರೆ ಉಕ್ಕು? ಆ ಶಬ್ದ ಕರಗುವಿಕೆಯನ್ನೇ ಸೂಚಿಸುವ 'ಉರುಕು' ಧಾತುವಿಗೆ ಸಂಬಂಧಿಸಿದುದೆಂದು ವಿದ್ವಾಂಸರ ಮತ. ನಿಜ, ಮೂಸೆಯಲ್ಲಿ ಉಕ್ಕು ಕರಗುತ್ತಿತ್ತು. ಆದರೆ ಮೂಸೆಯೊಳಗೇ ಆರಿ ಗಟ್ಟಿಯಾಗುತ್ತಿತ್ತು, ಅಚ್ಚಿಗೆ ಸುರಿಯುತ್ತಿರಲಿಲ್ಲ. ಈ ನೆರೆಯಲ್ಲಿ ಕಬ್ಬಿಣದ ಎರಕವು ದೊಡ್ಡ ಪ್ರಮಾಣದಲ್ಲಿ ಮೊದಲಾದುದು 1923ರಲ್ಲಿ, ತರೀಕೆರೆ ಸೀಮೆಯ ಕೆಮ್ಮಣ್ಣುಗುಂಡಿಯ ಅದಿರನ್ನು ಭದ್ರಾವತಿಯ ಊದುಕುಲುಮೆಗೆ ಹಾಕಿದಾಗ. ಎರಕದ ಕೊಳವೆಗಳು ಅಲ್ಲಿ ತಯಾರಾದವು.

ಬಿಂಬಗಳ ಎರಕವು ಇದಕ್ಕೆ ಎಷ್ಟೋ ಹಿಂದಿನದು. ಕಲ್ಯಾಣ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಮಧೂಚ್ಛಿಷ್ಟವಿಧಾನವನ್ನು ವಿವರಿಸಿದೆ: ಮೇಣದ ಪ್ರತಿಮೆಗೆ ಮಣ್ಣು ಮೆತ್ತಿ, ಒಣಗಿಸಿ, ಮೇಣವನ್ನು ಕಾಯಿಸಿ ಹೊರಹರಿಸಿ, ಆ ತೆರಪಿಗೆ ಲೋಹವನ್ನೆರೆಯಬೇಕು. ಮೇಣವನ್ನು ಮೊದಲೇ ತೂಗಿ, ಬೆಳ್ಳಿಯಾದರೆ ಅದರ 12 ಮಡಿ, ಚಿನ್ನವಾದರೆ 16 ಮಡಿ ತೆಗೆದುಕೊಳ್ಳಬೇಕೆಂಬ ಲೆಕ್ಕ ಅಲ್ಲಿದೆ. ಅನುಭವವುಳ್ಳ ಶಿಲ್ಪಿಯ ಬಾಯಿಂದ ಕೇಳಿಯೇ ಅರಸನು ಬರೆಸಿರಬೇಕು.

ಪೀಠಲೇಖಗಳಲ್ಲಿ ಸಾಮಾನ್ಯವಾಗಿ ಸಿಕ್ಕುವುದು 'ಮಾಡಿಸಿದ' ಎಂಬ ಕ್ರಿಯಾಪದ ಮಾತ್ರ. ಅದು ಕಲ್ಲಿಗೂ ಲೋಹಕ್ಕೂ ಸಮಾನ. ಸಂಪಾದಕರು ಅಲ್ಲಿ 'ಎರಕ ಹೊಯ್ಯಿಸಿದ' ಎಂದು ಅರ್ಥ ಬರೆಯುವ ಮುನ್ನ ಬಿಂಬವನ್ನೇ ಕಣ್ಣಾರೆ ನೋಡತಕ್ಕದ್ದು.