ಎರಡನೆಯ ಆಸರೆ: ಶಿವಮೊಗ್ಗೆ ಭದ್ರಾವತಿಗಳಲ್ಲಿ ಉನ್ನತ ವಿದ್ಯೆಯ ಆಯ್ಕೆಯ ಚರಿತ್ರೆ

ಮುಂಗಾರು ಹಿಡಿದು ತುಂಗೆಯ ನೀರು ಕೆಂಪೇರುವ ದಿನಗಳಲ್ಲಿ ಶಿವಮೊಗ್ಗೆಯ ದುರ್ಗಿಗುಡಿಯ ಬೀದಿಗಳಲ್ಲಿ ಒಂದು ದೃಶ್ಯವು ವರ್ಷವರ್ಷವೂ ಕಣ್ಣಿಗೆ ಬೀಳುವುದುಂಟು. ಕಂಪ್ಯೂಟರಿನ ಅಂಗಡಿಯೊಳಗೆ ತಂದೆಯೊಬ್ಬನು, ಮಗನೋ ಮಗಳೋ ಒಬ್ಬರು, ಸಲಹೆಗೆಂದು ಕರೆತಂದ ಸೋದರಮಾವನು. ಎದುರಿಗೆ ಕಾಲೇಜುಗಳ ಹೆಸರಿನ ಉದ್ದನೆಯ ಪಟ್ಟಿ. ಬೆಂಗಳೂರಿನ ನಾಲ್ಕಾರು ಹೆಸರಾಂತ ಕಾಲೇಜುಗಳನ್ನು ಬರೆದಾಗಿದೆ. ಅವುಗಳ ಕೆಳಗೆ ಊರಿನ ಕಾಲೇಜನ್ನೂ ಬರೆಯಬೇಕೆ, ಬೇಡವೆ ಎಂಬುದೇ ತಕರಾರು. ‘ಬರೆದರೆ ಅದೇ ಸಿಕ್ಕೀತು’ ಎಂದು ಮಗನ ಅಂಜಿಕೆ. ‘ಬರೆಯದಿದ್ದರೆ ಏನೂ ಸಿಕ್ಕದೆ ಹೋದೀತು’ ಎಂದು ತಂದೆಯ ಅಂಜಿಕೆ. ಈ ವಾದವು ಇಂದಿನದೆಂದು ತೋರಿದರೂ ಇದರ ಬೇರು ನೂರು ವರ್ಷಕ್ಕೂ ಹಿಂದೆ ಇಳಿದಿದೆ. ಕಾಲಕಾಲಕ್ಕೆ ಬದಲಾದುದು ಆಸರೆಯ ಆಯ್ಕೆ ಇರುವ ಸ್ಥಳ. ಮೊದಲು ಅದು ಹೊಲದಲ್ಲಿತ್ತು, ಬಳಿಕ ಕಾರ್ಖಾನೆಯಲ್ಲಿತ್ತು. ಈಗ ಅರ್ಜಿಯ ಕೊನೆಯ ಸಾಲಿಗೆ ಬಂದು ನಿಂತಿದೆ.

ಮೈಸೂರು ಸಂಸ್ಥಾನಕ್ಕೆ ತನ್ನದೇ ಆದ ವಿಶ್ವವಿದ್ಯಾನಿಲಯವಿಲ್ಲದಿದ್ದ ಕಾಲದಲ್ಲಿ ಶಿವಮೊಗ್ಗೆಯ ಹುಡುಗನಿಗೆ ಆಯ್ಕೆಯೆಂಬ ಮಾತೇ ದೊಡ್ಡದಾಗಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜಾ ಕಾಲೇಜು, ಇವೆರಡೂ ಮದರಾಸು ವಿಶ್ವವಿದ್ಯಾನಿಲಯದ ಅಂಕಿತದಲ್ಲಿದ್ದವು. ೧೮೯೯ರಲ್ಲಿ ಬೀರೂರಿನಿಂದ ಶಿವಮೊಗ್ಗೆಗೆ ರೈಲು ಬಂದ ಮೇಲೆ ದಾರಿಯೇನೋ ಸುಗಮವಾಯಿತು. ಆದರೆ ಊಟ ವಸತಿಗಳ ವೆಚ್ಚವು ಹಾಗೆಯೇ ಉಳಿಯಿತು. ೧೯೧೬ರ ಜುಲೈ ತಿಂಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಮರುವರ್ಷ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜೂ ಸ್ಥಾಪಿತವಾದವು. ಮಲೆನಾಡಿನವರಿಗೆ ಅವೂ ದೂರದ ಊರುಗಳೇ ಆದವು. ಆಗ ಅಡ್ಡಿಯಾಗಿ ನಿಂತದ್ದು ಹೆಚ್ಚಾಗಿ ಅಂಕಗಳ ಕೊರತೆಯಲ್ಲ, ಅನ್ನದ ಕೊರತೆ. ೧೯೦೫ರಲ್ಲಿ ಹುಟ್ಟಿದ ಮೈಸೂರು ಲಿಂಗಾಯತ ವಿದ್ಯಾನಿಧಿ ಸಂಘ, ೧೯೦೬ರ ಒಕ್ಕಲಿಗರ ಸಂಘ, ಇಂಥವುಗಳು ವಿದ್ಯಾರ್ಥಿನಿಲಯಗಳಿಗೆ ಅಷ್ಟೊಂದು ಮಹತ್ವವನ್ನು ಕೊಟ್ಟುದು ಇದೇ ಕಾರಣದಿಂದ. ಉಚಿತವಾಗಿ ಮಲಗಲು ಒಂದು ಮೂಲೆ ದೊರೆತರೆ ಹುಡುಗನು ಓದಿದನು. ದೊರೆಯದಿದ್ದರೆ ಊರಿಗೆ ಹಿಂದಿರುಗಿ ಅಡಕೆಯ ತೋಟವನ್ನೋ ಶಾನುಭೋಗಿಕೆಯನ್ನೋ ಹಿಡಿದನು. ಅದೇ ಅವನ ಎರಡನೆಯ ಆಯ್ಕೆ. ಅದನ್ನು ಯಾವ ಅರ್ಜಿಯಲ್ಲಿಯೂ ಬರೆಯಬೇಕಾಗಿರಲಿಲ್ಲ. ತೋಟವಿಲ್ಲದವನಿಗೆ ಅದೂ ಇರಲಿಲ್ಲವೆಂಬುದನ್ನು ಮರೆಯಲಾಗದು.

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಪುಟ್ಟಪ್ಪನವರು ಪ್ರೌಢಶಾಲೆಗೇ ಮೈಸೂರಿಗೆ ಹೋಗಬೇಕಾಯಿತು. ಮಹಾರಾಜಾ ಕಾಲೇಜಿನಲ್ಲಿ ಓದಿ, ೧೯೨೯ರಲ್ಲಿ ಎಂ.ಎ. ಪದವಿಯನ್ನು ಪಡೆದು, ೧೯೫೬ರಲ್ಲಿ ಅದೇ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು. ಹೀಗೆ ಹೊರಟು ಗೆದ್ದವರ ಹೆಸರು ಚರಿತ್ರೆಯಲ್ಲಿ ನಿಲ್ಲುತ್ತದೆ. ಹೊರಡಲಾರದೆ ಉಳಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಇತ್ತ ಭದ್ರೆಯ ದಂಡೆಯಲ್ಲಿ, ಹಿಂದೆ ಬೆಂಕಿಪುರವೆಂದು ಹೆಸರಾಗಿದ್ದ ಊರಿನಲ್ಲಿ, ಬೇರೊಂದು ಬಗೆಯ ಆಸರೆ ಎದ್ದು ನಿಂತಿತು. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಮರದ ಇದ್ದಲಿನಿಂದ ಕರಗಿಸುವ ಮೈಸೂರು ಕಬ್ಬಿಣದ ಕಾರ್ಖಾನೆಯು ೧೯೨೩ರಲ್ಲಿ ಕೆಲಸಕ್ಕೆ ತೊಡಗಿತು. ದಿವಾನಗಿರಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರು ಅದೇ ವರ್ಷ ಅದರ ಆಡಳಿತಮಂಡಲಿಯ ಅಧ್ಯಕ್ಷತೆಯನ್ನು ವಹಿಸಿ ನಷ್ಟದ ಹಾದಿಯಲ್ಲಿದ್ದ ಉದ್ಯಮವನ್ನು ಎತ್ತಿ ನಿಲ್ಲಿಸಿದರು. ೧೯೩೦ರ ದಶಕದಲ್ಲಿ ಉಕ್ಕಿನ ವಿಭಾಗವೂ ಕಾಗದದ ಕಾರ್ಖಾನೆಯೂ ಸೇರಿದವು. ಅಲ್ಲಿಂದ ಎರಡು ಮೂರು ತಲೆಮಾರುಗಳ ಕಾಲ ಭದ್ರಾವತಿಯ ಮನೆಗಳಲ್ಲಿ ಒಂದು ಬಗೆಯ ನಿಶ್ಚಿಂತೆ ಇದ್ದಿತು. ಹುಡುಗನು ಮೈಸೂರಿಗೋ ಬೆಂಗಳೂರಿಗೋ ಅರ್ಜಿ ಹಾಕಲಿ. ಸಿಕ್ಕಿದರೆ ಸರಿ, ಸಿಕ್ಕದಿದ್ದರೆ ಫ್ಯಾಕ್ಟರಿಯ ಸೈರನ್ನು ಕೇಳುವಷ್ಟು ದೂರದಲ್ಲಿಯೇ ಬಾಳು ಕಾದಿದೆ ಎಂಬ ಭಾವನೆ. ದೊಡ್ಡದೊಂದೇ ಬಾಗಿಲನ್ನು ತಟ್ಟುವ ಧೈರ್ಯವು ಬಹುಮಟ್ಟಿಗೆ ಈ ನಿಶ್ಚಿಂತೆಯಿಂದ ಬಂದುದಾಗಿರಬೇಕು. ಹಿಂದಿನವರು ಆಸರೆಯಿಲ್ಲದೆಯೇ ಧೈರ್ಯ ಮಾಡಿದರೆಂದು ಹೇಳುವವರು ಆ ಸೈರನ್ನಿನ ಸದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಶಿವಮೊಗ್ಗೆಯಲ್ಲಿ ೧೯೪೦ರಲ್ಲಿ ಇಂಟರ್‌ಮೀಡಿಯೆಟ್ ಕಾಲೇಜು ತೆರೆಯಿತು. ಮುಂದೆ ಸಹ್ಯಾದ್ರಿ ಕಾಲೇಜೆಂದು ಹೆಸರುವಾಸಿಯಾದುದು ಇದೇ. ದೂರದ ಊರಿಗೆ ಹೋಗಲಾರದವರ ಪಾಲಿಗೆ ಅದು ಎರಡನೆಯ ಆಯ್ಕೆ. ಹೆಣ್ಣುಮಕ್ಕಳಲ್ಲಿ ಅನೇಕರ ಪಾಲಿಗೆ ಮೊದಲನೆಯದೂ ಕಡೆಯದೂ ಅದೊಂದೇ. ಅಲ್ಲಿ ಪಾಠ ಹೇಳಿದವರಾರೆಂಬುದು ಗಮನಿಸತಕ್ಕ ವಿಷಯ. ಶಿವಮೊಗ್ಗೆ ಜಿಲ್ಲೆಯ ಕೊನಗವಳ್ಳಿಯಿಂದ ಹೊರಟು ಸೆಂಟ್ರಲ್ ಕಾಲೇಜಿನಲ್ಲಿಯೂ ಮಹಾರಾಜಾ ಕಾಲೇಜಿನಲ್ಲಿಯೂ ಓದಿದ ಲಂಕೇಶರು ಇಂಗ್ಲಿಷ್ ಅಧ್ಯಾಪಕರಾಗಿ ಬಂದುದು ಈ ಸಹ್ಯಾದ್ರಿ ಕಾಲೇಜಿಗೇ. ಮೊದಲ ಆಯ್ಕೆಯ ಕಾಲೇಜುಗಳಲ್ಲಿ ಕಲಿತದ್ದನ್ನು ಹೊತ್ತು ತಂದು ಇಲ್ಲಿ ಹಂಚಿದವರು ಇರುವವರೆಗೆ ಊರಿನ ಕಾಲೇಜನ್ನು ಸೋತವರ ತಂಗುದಾಣವೆಂದು ಎಣಿಸುವುದು ಅನ್ಯಾಯ. ೧೯೪೬ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಶಿಕ್ಷಣ ಸಮಿತಿಯೂ ಊರಿನಲ್ಲಿ ಬಾಗಿಲ ಮೇಲೆ ಬಾಗಿಲನ್ನು ತೆರೆಯುತ್ತ ಹೋಯಿತು.

ಎಂಜಿನಿಯರಿಂಗ್ ವಿದ್ಯೆಯ ಮಾತು ಬೇರೆ. ಬೆಂಗಳೂರಿನ ಮೊದಲ ಕಾಲೇಜಿನ ತರುವಾಯ ೧೯೪೬ರಲ್ಲಿ ಬೆಂಗಳೂರಿನ ಬಿ.ಎಂ.ಎಸ್. ಕಾಲೇಜೂ ಮೈಸೂರಿನ ಎನ್.ಐ.ಇ.ಯೂ, ೧೯೫೧ರಲ್ಲಿ ದಾವಣಗೆರೆಯ ಕಾಲೇಜೂ, ೧೯೬೦ರಲ್ಲಿ ಹಾಸನದ ಮಲೆನಾಡು ಕಾಲೇಜೂ ಸುರತ್ಕಲ್ಲಿನ ಪ್ರಾದೇಶಿಕ ಕಾಲೇಜೂ ಬಂದವು. ಶಿವಮೊಗ್ಗೆಗೆ ಜವಾಹರಲಾಲ್ ನೆಹರು ಕಾಲೇಜು ಬಂದುದು ೧೯೮೦ರಲ್ಲಿ. ಕಬ್ಬಿಣ ಕರಗಿಸುವ ಊರಿನ ಪಕ್ಕದಲ್ಲಿ ಎಂಜಿನಿಯರುಗಳನ್ನು ತಯಾರಿಸುವ ಕಾಲೇಜು ಹುಟ್ಟಲು ಕುಲುಮೆ ಹೊತ್ತಿದ ಮೇಲೆ ಐವತ್ತೇಳು ವರ್ಷ ಬೇಕಾಯಿತು!

ಸ್ಥಳಗಳು ಕಡಮೆ, ಬೇಡುವವರು ಹೆಚ್ಚು ಎಂದಾದಾಗ ಯಾರನ್ನು ಹೇಗೆ ಆರಿಸಬೇಕೆಂಬ ಜಗಳವು ನ್ಯಾಯಾಲಯದವರೆಗೆ ಹೋಯಿತು. ಮೈಸೂರು ರಾಜ್ಯದಲ್ಲಿ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಸ್ಥಳಗಳಲ್ಲಿ ನೂರಕ್ಕೆ ೬೮ನ್ನು ಮೀಸಲಿಟ್ಟ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು ೧೯೬೨ರಲ್ಲಿ, ಬಾಲಾಜಿಯವರ ಮೊಕದ್ದಮೆಯಲ್ಲಿ, ರದ್ದುಪಡಿಸಿತು. ಬಳಿಕ ಸಂದರ್ಶನಕ್ಕೆಂದು ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ನೂರಕ್ಕೆ ೨೫ರಷ್ಟನ್ನು ಇರಿಸಿದ ಕ್ರಮವು ೧೯೬೪ರ ಚಿತ್ರಲೇಖಾ ಮೊಕದ್ದಮೆಯಲ್ಲಿ ಚರ್ಚೆಗೆ ಬಂದಿತು. ಸಂದರ್ಶನವೇ ತಪ್ಪೆಂದು ನ್ಯಾಯಾಲಯ ಹೇಳಲಿಲ್ಲ. ಆಯ್ಕೆ ಸಮಿತಿಯ ಎದುರಿಗೆ ಹೋಗಿ ನಿಂತು ‘ಬೇರೆಡೆಗೂ ಅರ್ಜಿ ಹಾಕಿದ್ದೇನೆ’ ಎಂದರೆ ಇವನಿಗೆ ನಮ್ಮಲ್ಲಿ ಆಸಕ್ತಿ ಸಾಲದೆಂದು ತಿಳಿದಾರೇನೋ ಎಂಬ ಅಳುಕಿಗೆ ಅಂಥ ವ್ಯವಸ್ಥೆಯಲ್ಲಿ ಅರ್ಥವಿದ್ದಿತು. ಎರಡು ದೋಣಿಯ ಮೇಲೆ ಕಾಲಿಡಬಾರದೆಂಬ ಗಾದೆಯನ್ನು ಹಿರಿಯರು ವಿದ್ಯಾರ್ಥಿಗಳಿಗೂ ಅನ್ವಯಿಸಿದರೆ ಆಶ್ಚರ್ಯವಿಲ್ಲ.

ಅನಂತರದ ಅಡ್ಡಿ ದುಡ್ಡಿನದು. ತಲೆವಂತಿಗೆಯನ್ನು ನಿಷೇಧಿಸುವ ಕಾಯಿದೆಯನ್ನು ಕರ್ನಾಟಕವು ೧೯೮೪ರಲ್ಲಿಯೇ ಮಾಡಿದ್ದರೂ, ತುಮಕೂರಿನ ಒಂದು ಖಾಸಗಿ ವೈದ್ಯಕೀಯ ಕಾಲೇಜಿನ ವಿಷಯವಾಗಿ ಮೋಹಿನಿ ಜೈನ್ ಮೊಕದ್ದಮೆಯು ೧೯೯೨ರಲ್ಲಿ ತೀರ್ಮಾನವಾಗುವಾಗ ದರಗಳು ಹೀಗಿದ್ದವು: ಸರ್ಕಾರದ ಸ್ಥಾನಕ್ಕೆ ವರ್ಷಕ್ಕೆ ೨,೦೦೦ ರೂಪಾಯಿ, ರಾಜ್ಯದ ಇತರರಿಗೆ ೨೫,೦೦೦, ಹೊರಗಿನವರಿಗೆ ೬೦,೦೦೦. ಮರುವರ್ಷ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ಸ್ಥಾನಗಳನ್ನು ಯೋಗ್ಯತೆಯ ಕ್ರಮದಲ್ಲಿಯೇ ಹಂಚಬೇಕೆಂಬ ಯೋಜನೆಯು ರೂಪುಗೊಂಡಿತು. ಇದರ ಫಲವಾಗಿ ೧೯೯೪ರಲ್ಲಿ ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಜನರ ಬಾಯಲ್ಲಿ ಸಿ.ಇ.ಟಿ., ಆರಂಭವಾಯಿತು.

ಮೊದಲ ವರ್ಷಗಳ ಸಿ.ಇ.ಟಿ.ಯಲ್ಲಿ ಸ್ಥಾನದ ಹಂಚಿಕೆ ಎದುರೆದುರಿಗೆ ನಡೆಯುತ್ತಿದ್ದಿತು. ಭದ್ರಾವತಿಯ ಕುಟುಂಬವು ರಾತ್ರಿಯ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ರ‍್ಯಾಂಕಿನ ಕ್ರಮದಲ್ಲಿ ಹೆಸರು ಕರೆಯುವವರೆಗೆ ಕಾಯಬೇಕು. ಇನ್ನೂ ಉಳಿದಿರುವ ಸ್ಥಾನಗಳು ಮುಂದಿನ ಪರದೆಯ ಮೇಲೆ ಕಾಣುತ್ತಿರುತ್ತವೆ. ತಮಗಿಂತ ಮುಂದಿನವರು ಒಂದೊಂದಾಗಿ ಎತ್ತಿಕೊಂಡಂತೆ ಅವು ಕರಗುತ್ತಿರುತ್ತವೆ. ಸರದಿ ಬಂದಾಗ ಇದ್ದುದರಲ್ಲಿ ಒಂದನ್ನು ಕೆಲವೇ ನಿಮಿಷಗಳಲ್ಲಿ ಹೇಳಬೇಕು. ಆ ಕ್ರಮದಲ್ಲಿ ದಣಿವು ಬಹಳವಿದ್ದರೂ ಒಂದು ಅನುಕೂಲವಿದ್ದಿತು. ಬಯಸಿದ ಕಾಲೇಜು ಹೋಯಿತೆಂಬುದನ್ನು ಕಣ್ಣಾರೆ ಕಂಡ ಮೇಲೆಯೇ ಎರಡನೆಯದರ ಯೋಚನೆ ಮಾಡಿದರೆ ಸಾಕಾಗಿತ್ತು. ಮುಂದೆ ಆಯ್ಕೆಗಳ ಪಟ್ಟಿಯನ್ನು ಮುಂಚಿತವಾಗಿಯೇ ಕಂಪ್ಯೂಟರಿನಲ್ಲಿ ತುಂಬಿಸುವ ಪದ್ಧತಿ ಬಂದಾಗ ಪ್ರಯಾಣದ ಶ್ರಮ ತಪ್ಪಿತು. ಆದರೆ ಕಾಣದ ದಿನವನ್ನು ಮೊದಲೇ ಊಹಿಸಿ ಬರೆಯುವ ಹೊಣೆ ಮನೆಯವರ ತಲೆಯ ಮೇಲೆ ಬಿದ್ದಿತು. ಆಸರೆಯ ಆಯ್ಕೆಯು ಮನಸ್ಸಿನಿಂದ ಕಾಗದಕ್ಕೆ ಇಳಿದುದು ಆ ಹೊತ್ತಿನಲ್ಲಿ.

ಈಗ ಮಗನ ಅಂಜಿಕೆಯನ್ನು ಪರಿಶೀಲಿಸಬಹುದು. ಕೊನೆಯಲ್ಲಿ ಬರೆದ ಊರಿನ ಕಾಲೇಜು ಮೇಲಿನವುಗಳ ಅವಕಾಶವನ್ನು ಕಸಿಯುವುದೆ? ಹಂಚಿಕೆಯ ಕ್ರಮವನ್ನು ತಿಳಿದವರು ಇಲ್ಲವೆಂದೇ ಹೇಳಬೇಕು. ಯಂತ್ರವು ಮೊದಲು ಮೇಲಿನ ರ‍್ಯಾಂಕಿನವನನ್ನು ತೆಗೆದುಕೊಂಡು ಅವನ ಪಟ್ಟಿಯನ್ನು ತಲೆಯಿಂದ ಓದುತ್ತದೆ. ಅವನಿಗೆ ಸಲ್ಲುವ ಸ್ಥಾನ ಮೊದಲು ಎಲ್ಲಿ ಉಳಿದಿದೆಯೋ ಅದನ್ನು ಅವನಿಗೆ ಕೊಟ್ಟು ಮುಂದಿನವನ ಕಡೆಗೆ ಹೋಗುತ್ತದೆ. ಮೇಲಿನ ಸಾಲುಗಳೆಲ್ಲ ಬರಿದಾದ ಮೇಲಲ್ಲದೆ ಕೆಳಗಿನ ಸಾಲಿಗೆ ಕಣ್ಣು ಬೀಳುವುದೇ ಇಲ್ಲ. ಮೊದಲ ಸುತ್ತಿನಲ್ಲಿ ಸ್ಥಾನ ದೊರೆತವನ ಮುಂದೆ ನಾಲ್ಕು ದಾರಿಗಳಿರುತ್ತವೆ: ಒಪ್ಪಿ ಸೇರುವುದು, ಒಪ್ಪಿಕೊಂಡು ಇನ್ನೂ ಮೇಲಿನದಕ್ಕಾಗಿ ಮುಂದಿನ ಸುತ್ತಿಗೆ ಕಾಯುವುದು, ಇದನ್ನು ಬಿಟ್ಟು ಕಾಯುವುದು, ಪೂರ್ತಿಯಾಗಿ ಹೊರಬೀಳುವುದು. ಎರಡನೆಯ ದಾರಿಯಲ್ಲಿ ಒಂದು ಕಟ್ಟುಂಟು. ಮೇಲಿನ ಸಾಲಿನದು ದೊರೆತೊಡನೆ ಹಿಂದಿನದು ಕೈಬಿಟ್ಟುಹೋಗುತ್ತದೆ. ಆದುದರಿಂದ ತಪ್ಪುವುದು ಆಸರೆಯನ್ನು ಬರೆದುದರಲ್ಲಿ ಅಲ್ಲ; ಮನಸ್ಸಿಲ್ಲದ ಕಾಲೇಜನ್ನು ಹೆಸರಿನ ಮೋಹಕ್ಕೆ ಮೇಲೆ ಬರೆದುದರಲ್ಲಿ.

ಈ ಮಾತು ಎಲ್ಲ ಪದ್ಧತಿಗಳಿಗೂ ಸಲ್ಲುವುದಿಲ್ಲ. ಅಮೆರಿಕದ ಬಾಸ್ಟನ್ ನಗರದಲ್ಲಿ ಮಕ್ಕಳನ್ನು ಶಾಲೆಗಳಿಗೆ ಹಂಚುವಾಗ, ಒಂದು ಶಾಲೆಯನ್ನು ಮೊದಲನೆಯದೆಂದು ಬರೆದವರಿಗೆಲ್ಲ ಮೊದಲು ಸ್ಥಳ ಕೊಟ್ಟು, ಮಿಕ್ಕಿದರೆ ಎರಡನೆಯದೆಂದು ಬರೆದವರನ್ನು ನೋಡುವ ಕ್ರಮವಿದ್ದಿತು. ಅಲ್ಲಿ ಎರಡನೆಯ ಸಾಲಿನ ಒಳ್ಳೆಯ ಶಾಲೆಯು ಆ ವೇಳೆಗೆ ತುಂಬಿಹೋಗಿರುತ್ತಿದ್ದಿತು. ನಿಜವಾದ ಇಷ್ಟವನ್ನು ಮರೆಮಾಡಿ ಬರೆಯಬೇಕಾದ ಈ ದೋಷವನ್ನು ಅರ್ಥಶಾಸ್ತ್ರಜ್ಞರು ತೋರಿಸಿಕೊಟ್ಟ ಮೇಲೆ ೨೦೦೫ರಲ್ಲಿ ಆ ಕ್ರಮವನ್ನು ಕೈಬಿಡಲಾಯಿತು. ಇಂಗ್ಲೆಂಡಿನಲ್ಲಿ ವಿದ್ಯಾರ್ಥಿಯು ಐದು ಅರ್ಜಿಗಳವರೆಗೆ ಹಾಕಿ, ಬಂದ ಒಪ್ಪಿಗೆಗಳಲ್ಲಿ ಒಂದನ್ನು ಖಚಿತವೆಂದೂ ಇನ್ನೊಂದನ್ನು ವಿಮೆಯೆಂದೂ ಹಿಡಿದಿಟ್ಟುಕೊಳ್ಳಬಹುದು. ಅಲ್ಲಿ ಕೆಲವರು ಮಾಡುವ ತಪ್ಪು ವಿನೋದಕರವಾಗಿದೆ: ಖಚಿತದಷ್ಟೇ ಅಂಕಗಳನ್ನು ಬೇಡುವ ಕಾಲೇಜನ್ನೇ ವಿಮೆಗೆ ಇಟ್ಟುಕೊಳ್ಳುತ್ತಾರೆ. ಒಂದು ಮುಳುಗಿದರೆ ಎರಡೂ ಮುಳುಗುತ್ತವೆ. ಬೆಂಗಳೂರಿನ ಒಂದೇ ಎತ್ತರದ ಆರು ಕಾಲೇಜುಗಳನ್ನು ಬರೆದು ‘ಐದು ಆಸರೆಗಳಿವೆ’ ಎಂದುಕೊಳ್ಳುವ ಶಿವಮೊಗ್ಗೆಯ ಹುಡುಗನ ಲೆಕ್ಕವೂ ಇದೇ ಜಾತಿಯದು.

ಹಾಗಾದರೆ ಏನನ್ನೂ ಬರೆಯದೆ ಬಿಡುವುದಕ್ಕೆ ಸಕಾರಣವೇ ಇಲ್ಲವೆ? ಒಂದುಂಟು. ಸಿಕ್ಕರೂ ಸೇರೆನೆಂದು ದೃಢವಾಗಿ ತಿಳಿದಿದ್ದರೆ ಆ ಹೆಸರನ್ನು ಬರೆಯಬಾರದು. ಬರೆದು, ಪಡೆದು, ಸೇರದೆ ಹೋದರೆ ಆ ಸುತ್ತಿನಲ್ಲಿ ಇನ್ನೊಬ್ಬನಿಗೆ ದಕ್ಕಬೇಕಾಗಿದ್ದ ಸ್ಥಾನವು ತಡೆದು ನಿಲ್ಲುತ್ತದೆ. ಮತ್ತೊಂದು ವರ್ಷ ಕಾದು ಓದುವೆನೆಂಬವನದೂ ಒಂದು ಎರಡನೆಯ ಆಯ್ಕೆಯೇ. ಆದರೆ ಅದರ ಬೆಲೆಯನ್ನು ತೆರುವವನು ಅವನೊಬ್ಬನೇ ಅಲ್ಲ. ಆ ವರ್ಷದ ಊಟ, ಬಾಡಿಗೆ, ಪಾಠದ ಹಣ ಯಾರ ಕೈಯಿಂದ ಬರುತ್ತದೆಂಬುದನ್ನು, ಹಿಂದೆ ತಂಗಿಯೊಬ್ಬಳು ಓದಲು ಕಾದಿರುವಳೆ ಎಂಬುದನ್ನು ಮೊದಲೇ ಮನೆಯವರೊಡನೆ ಕೂಡಿ ಮಾತನಾಡಬೇಕಾಗುತ್ತದೆ.

ಭದ್ರಾವತಿಯಲ್ಲಿ ಈ ಮಾತುಕತೆಯು ಇತ್ತೀಚೆಗೆ ಗಡುಸಾಗಿರುವುದಕ್ಕೆ ಕಾರಣ ಸ್ಪಷ್ಟವಾಗಿದೆ. ಕಾಗದದ ಕಾರ್ಖಾನೆಯ ಉತ್ಪಾದನೆ ೨೦೧೫ರ ಸುಮಾರಿಗೆ ನಿಂತಿತು. ವಿಶ್ವೇಶ್ವರಯ್ಯನವರ ಹೆಸರನ್ನೇ ಹೊತ್ತ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವು ೨೦೨೩ರ ಜನವರಿಯಲ್ಲಿ ಪ್ರಕಟವಾಯಿತು. ಕಾರ್ಮಿಕರು ಚಳವಳಿ ಹೂಡಿದರು. ಆ ವರ್ಷವೇ ಒಂದು ಭಾಗವು ಮತ್ತೆ ಚಾಲನೆಗೆ ಬಂದರೂ ಹಳೆಯ ನಿಶ್ಚಿಂತೆ ಬರಲಿಲ್ಲ. ಆದರೆ ಅದೇ ಕಾಲದಲ್ಲಿ ಬಾಗಿಲುಗಳು ಹತ್ತಿರಕ್ಕೂ ಬಂದಿವೆ. ೧೯೮೭ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯವು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿಯೇ ಇದೆ. ಸಹ್ಯಾದ್ರಿ ಕಾಲೇಜು ಅದರ ಘಟಕವಾಗಿದೆ. ಶಿವಮೊಗ್ಗೆಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ೨೦೧೨ರಿಂದ ಕೃಷಿ ಮತ್ತು ತೋಟಗಾರಿಕೆಯ ವಿಶ್ವವಿದ್ಯಾನಿಲಯವೂ ಇವೆ. ಡಿಪ್ಲೊಮಾ ಮುಗಿಸಿದವನು ನೇರವಾಗಿ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರುವ ದಾರಿಯೂ ತೆರೆದಿದೆ. ಪಟ್ಟಿಯ ಕೊನೆಯಲ್ಲಿ ಊರಿನ ಕಾಲೇಜನ್ನು ಬರೆದು ಅದನ್ನೇ ಪಡೆದವರು ಭದ್ರಾವತಿಯಿಂದ ಶಿವಮೊಗ್ಗೆಗೆ ಇರುವ ಇಪ್ಪತ್ತು ಕಿಲೋಮೀಟರುಗಳಷ್ಟು ದಾರಿಯನ್ನು ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ಕ್ರಮಿಸುತ್ತಾರೆ. ಸಂಜೆ ಮನೆಯ ಊಟಕ್ಕೆ ಹಿಂದಿರುಗುತ್ತಾರೆ.