ಕರ್ನಲ್ ಮೆಕೆಂಜಿಯವರೂ ಮೈಸೂರು ಸೀಮೆಯ ಮೋಜಣಿಯೂ

ಅರಸೀಕೆರೆ ತಾಲ್ಲೂಕಿನ ಬಾಣಾವರಕ್ಕೆ ಆ ಹೆಸರು ಬಂದ ಬಗೆಯನ್ನು ಐತಿಹ್ಯವು ಹೀಗೆ ಹೇಳುತ್ತದೆ: ವನವಾಸ ಕಾಲದಲ್ಲಿ ಶ್ರೀರಾಮಚಂದ್ರನು ಈ ಮಾರ್ಗವಾಗಿ ಬಂದಾಗ ಲಕ್ಷ್ಮಣನ ಆಯಾಸವನ್ನು ಕಂಡು ಅವನ ಬಾಣಗಳನ್ನು ತಾನೇ ಹೊತ್ತುಕೊಂಡನಂತೆ, ಬಾಣ ಹೊತ್ತ ಎಡೆಯಾದುದರಿಂದ ಬಾಣಾವರವೆಂದು ಹೆಸರಾಯಿತಂತೆ. ಹೈದರಾಲಿಯು ಸಮೀಪದಲ್ಲಿ ನಾಗಪುರಿಯೆಂಬ ಹೊಸ ಪಟ್ಟಣವನ್ನು ಕಟ್ಟಿಸಲೆಳಸಿ ಇಲ್ಲಿನ ಜನರನ್ನು ಅಲ್ಲಿಗೆ ಸಾಗಿಸಿದನೆಂದೂ, ಅಲ್ಲಿನ ಹವೆಯು ಆರೋಗ್ಯಕ್ಕೆ ಒಗ್ಗದೆ ಅವರು ಮರಳಿ ಬಂದರೆಂದೂ ಇನ್ನೊಂದು ಸಂಗತಿಯುಂಟು. ಮೊದಲನೆಯದು ಪುರಾಣ, ಎರಡನೆಯದು ಚರಿತ್ರೆ. ನಮ್ಮ ನಾಡಿನ ಪ್ರತಿಯೊಂದು ಊರಿನಲ್ಲಿಯೂ ಇವೆರಡೂ ಒಂದೇ ಬಾಯಿಂದ ಹೊರಡುತ್ತವೆ. ಇಂತಹ ಮಾತುಗಳನ್ನು ಊರೂರಿಂದ ಬರೆಯಿಸಿ ತರಿಸಿ ಕೂಡಿಡಬೇಕೆಂದು ಮೊಟ್ಟಮೊದಲು ದೊಡ್ಡ ಪ್ರಮಾಣದಲ್ಲಿ ಯತ್ನಿಸಿದವರು ಪಂಡಿತರಲ್ಲ. ಸರಪಣಿಯನ್ನೂ ದೂರದರ್ಶಕವನ್ನೂ ಹಿಡಿದು ಬಂದ ಒಬ್ಬ ಇಂಜಿನಿಯರರು. ಅವರೇ ಕರ್ನಲ್ ಕಾಲಿನ್ ಮೆಕೆಂಜಿಯವರು.

ಮೆಕೆಂಜಿಯವರು 1754ರಲ್ಲಿ ಸ್ಕಾಟ್ಲೆಂಡಿನ ವಾಯವ್ಯಕ್ಕಿರುವ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ರೇವುಪಟ್ಟಣದಲ್ಲಿ ಜನಿಸಿದರು. ತಂದೆ ವರ್ತಕರು, ಊರಿನ ಟಪಾಲಿನ ಕೆಲಸವನ್ನೂ ನೋಡಿಕೊಳ್ಳುತ್ತಿದ್ದವರು. ಮಗನು ಯೌವನದಲ್ಲಿ ಅದೇ ಊರಿನ ಸುಂಕದ ಕಚೇರಿಯಲ್ಲಿ ಉದ್ಯೋಗ ಮಾಡಿದನು. ಲೆಕ್ಕಶಾಸ್ತ್ರದಲ್ಲಿ ಆತನಿಗಿದ್ದ ಆಸಕ್ತಿಯು ಲಾರ್ಡ್ ನೇಪಿಯರ್ ಎಂಬ ಶ್ರೀಮಂತರ ಪರಿಚಯವನ್ನು ಒದಗಿಸಿತು. ಲಾಗರಿದಮ್ ಗಣಿತವನ್ನು ಕಂಡುಹಿಡಿದ ತಮ್ಮ ಪೂರ್ವಜನ ಚರಿತ್ರೆಯನ್ನು ಬರೆಯಬಯಸಿದ್ದ ಆ ಶ್ರೀಮಂತರಿಗೆ ಹಿಂದೂಗಳ ಗಣಿತದ ವಿಷಯವನ್ನೂ ತಿಳಿಯುವ ಕುತೂಹಲವಿತ್ತು. ಹೀಗೆ ಭಾರತದ ವಿದ್ಯೆಯ ಹಂಬಲವು ತರುಣನಿಗೆ ಸ್ವದೇಶದಲ್ಲಿಯೇ ಅಂಟಿತು. 1783ರಲ್ಲಿ ಕಂಪೆನಿಯ ಸೇವೆಗೆಂದು ಹಡಗು ಹತ್ತಿ ಮದರಾಸಿಗೆ ಬಂದಿಳಿದಾಗ ಅವರಿಗೆ ವಯಸ್ಸು ಇಪ್ಪತ್ತೊಂಬತ್ತು. ಮುಂದೆ ಮೂವತ್ತೆಂಟು ವರ್ಷ ಬದುಕಿದ್ದರೂ ಹುಟ್ಟಿದ ದ್ವೀಪವನ್ನು ಮತ್ತೆ ಕಾಣಲಿಲ್ಲ.

ಕಾಲಾಳು ಪಡೆಯಿಂದ ಇಂಜಿನಿಯರರ ದಳಕ್ಕೆ ಸೇರಿದ ಮೇಲೆ ಅವರ ಜೀವನವೆಲ್ಲ ಸಂಚಾರವೇ ಆಯಿತು. 1793ರಲ್ಲಿ ಪುದುಚೇರಿಯ ಮುತ್ತಿಗೆ, ಅನಂತರ ಸಿಂಹಳ ದಂಡಯಾತ್ರೆ, ನಡುನಡುವೆ ನಿಜಾಮರ ಸೀಮೆಯ ಅಳತೆ, 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆ: ಇವೆಲ್ಲವುಗಳಲ್ಲಿ ಅವರು ಭಾಗಿಗಳಾಗಿದ್ದರು. ಟೀಪೂಸುಲ್ತಾನನು ಮಡಿದ ಮೇಲೆ ರಾಜ್ಯವು ಹಂಚಿಹೋಯಿತು. ಒಂದು ಪಾಲು ಕಂಪೆನಿಗೆ, ಒಂದು ಪಾಲು ನಿಜಾಮರಿಗೆ. ಉಳಿದುದು ಐದು ವರ್ಷದ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ. ಹಂಚಿಕೆಯು ಕಾಗದದ ಮೇಲೆ ಸುಲಭವಾಗಿ ಆಯಿತು. ಆದರೆ ಯಾವ ಹಳ್ಳಿ ಯಾವ ಪಾಲಿನಲ್ಲಿದೆ, ಯಾವ ಹಳ್ಳ ಯಾವ ಗಡಿಯನ್ನು ಸೀಳುತ್ತದೆ ಎಂಬುದನ್ನು ತೋರಿಸುವ ನಂಬಿಕೆಯ ನಕ್ಷೆಯೇ ಇರಲಿಲ್ಲ. ಆ ಕೊರತೆಯನ್ನು ತುಂಬುವುದಕ್ಕಾಗಿ ಹುಟ್ಟಿದ್ದು ಮೈಸೂರು ಮೋಜಣಿ. 1800ರಿಂದ ಹಲವು ವರ್ಷಗಳ ಕಾಲ ಮೆಕೆಂಜಿಯವರೂ ಅವರ ಸಹಾಯಕರಾದ ಮ್ಯಾಥರ್, ವಾರೆನ್, ಆರ್ಥರ್ ಮೊದಲಾದವರೂ ಗುಡ್ಡದ ತಲೆಗಳಲ್ಲಿ ಬಾವುಟ ನೆಟ್ಟು, ತ್ರಿಕೋಣಗಳನ್ನು ಕಟ್ಟಿ, ಸರಪಣಿಗಳನ್ನು ಎಳೆದು ಸುಮಾರು 40,000 ಚದರ ಮೈಲಿ ಸೀಮೆಯನ್ನು ಅಳೆದರು. ನಕ್ಷೆಗಳ ಜೊತೆಗೆ ಏಳು ದೊಡ್ಡ ಸಂಪುಟಗಳ ವಿವರಣೆಯು ಸಿದ್ಧವಾಯಿತು.

ಅಳತೆಯ ಕೆಲಸವೇ ಅವರನ್ನು ಚರಿತ್ರೆಯ ಕಡೆಗೆ ಎಳೆದೊಯ್ದಿತು. ಹಳ್ಳಿಯ ಎಲ್ಲೆಯನ್ನು ಸರಪಣಿಯು ಹೇಳಲಾರದು, ಶಾನುಭೋಗನು ಹೇಳಬೇಕು. ಶಾನುಭೋಗನ ಬಳಿಯಲ್ಲಿದ್ದದ್ದು ಕಡತ. ಹುಣಸೆಬೀಜದ ಅಂಟಿನಲ್ಲಿ ಇದ್ದಿಲನ್ನು ಕಲಸಿ ಬಟ್ಟೆಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಿಂದ ಬರೆಯುವ ಆ ಕಪ್ಪು ಪುಸ್ತಕದಲ್ಲಿ ಕಂದಾಯದ ಲೆಕ್ಕವೂ, ಕೆರೆಯ ಏರಿಯ ದುರಸ್ತಿಯೂ, ಇನಾಮು ಭೂಮಿಯ ವಿವರವೂ, ಅದನ್ನು ಕೊಟ್ಟ ದೊರೆಯ ಹೆಸರೂ ಅಕ್ಕಪಕ್ಕದಲ್ಲಿಯೇ ಇರುತ್ತಿದ್ದುವು. ಗಡಿಯನ್ನು ಕೇಳಹೋದವರಿಗೆ ಗಡಿಕಲ್ಲಿನ ಮೇಲಿನ ಶಾಸನವು ಸಿಕ್ಕಿತು. ಶಾಸನವನ್ನು ಓದಿಸಹೋದವರಿಗೆ ಪಾಳೆಯಗಾರರ ವಂಶಾವಳಿಯು ಸಿಕ್ಕಿತು. ಒಂದು ಸ್ಥಳದ ಪೂರ್ವೋತ್ತರವನ್ನು ಹೀಗೆ ಬರೆದುಕೊಟ್ಟ ಬರಹಕ್ಕೆ ಕೈಫಿಯತ್ತೆಂದು ಹೆಸರು. ಆ ಕಾಲದಲ್ಲಿ ಕಲೆಹಾಕಿದ ಕೈಫಿಯತ್ತುಗಳಲ್ಲಿ ಕೆರೆ ಕಟ್ಟೆ, ಜಾತ್ರೆ ಸಂತೆ, ಬರ, ದಂಡು, ವಲಸೆಗಳ ಸುದ್ದಿಗಳು ದೇವತೆಗಳ ಮಹಿಮೆಯೊಡನೆ ಬೆರೆತು ನಿಂತಿವೆ.

ಈ ಕಾರ್ಯವು ಮೆಕೆಂಜಿಯವರೊಬ್ಬರದೇ ಎಂದು ಎಣಿಸುವುದು ನ್ಯಾಯವಲ್ಲ. ದೇಶಭಾಷೆಗಳು ತಮಗೆ ಸರಿಯಾಗಿ ಬಾರವೆಂಬುದನ್ನು ಅವರೇ ಒಪ್ಪಿಕೊಂಡಿದ್ದರು. ಏಲೂರಿನ ಮನೆತನಕ್ಕೆ ಸೇರಿದ ಕಾವಲಿ ವೆಂಕಟ ಬೋರಯ್ಯನವರ ಸಹವಾಸದಿಂದಲೇ ಭಾರತೀಯ ವಿದ್ಯೆಯ ಬಾಗಿಲು ತಮಗೆ ತೆರೆಯಿತೆಂದು 1817ರ ಒಂದು ಪತ್ರದಲ್ಲಿ ಅವರು ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ಬೋರಯ್ಯನವರು ಹಳ್ಳಿಗಳಲ್ಲಿ ಜನರ ಸಂಶಯವನ್ನು ಕಳೆದು, ಗ್ರಂಥಗಳನ್ನು ಪಡೆದು, ಶಾಸನಗಳನ್ನು ಓದಿಸಿ ಅರ್ಥ ಮಾಡಿಸುತ್ತಿದ್ದರು. 1803ರಲ್ಲಿ ಅವರು ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡಾಗ ತಮ್ಮ ಲಕ್ಷ್ಮಯ್ಯನವರು ಆ ಭಾರವನ್ನು ಹೊತ್ತರು. ಮಲೆಯೂರಿನ ಜೈನ ಪಂಡಿತರಾದ ಧರ್ಮಯ್ಯನವರು ಹಳಗನ್ನಡದ ಶಾಸನಗಳನ್ನು ಓದುವುದರಲ್ಲಿ ನೆರವಾದರು. ಹಾಸನ ಜಿಲ್ಲೆಯ ಪಾಲೂ ಇದರಲ್ಲಿ ಸೇರಿದೆ: ಶ್ರವಣಬೆಳಗೊಳದ ಚಾರುಕೀರ್ತಿ ಸ್ವಾಮಿಗಳಿಂದ ದೊರೆತ ಜೈನಮತದ ಸಂಗತಿಗಳು ಮೆಕೆಂಜಿಯವರ ಮೂಲಕ ಏಷಿಯಾಟಿಕ್ ರಿಸರ್ಚಸ್ ಗ್ರಂಥಮಾಲೆಯ 9ನೆಯ ಸಂಪುಟದಲ್ಲಿ ಅಚ್ಚಾದುವು.

ಅದೇ ಕಾಲದಲ್ಲಿ ಇನ್ನೊಬ್ಬ ಸ್ಕಾಟ್ ಪ್ರವಾಸಿಗರೂ ಈ ಸೀಮೆಯಲ್ಲಿ ಸಂಚರಿಸುತ್ತಿದ್ದರು. ಹಿಂದೆ ಹಡಗುಗಳಲ್ಲಿ ವೈದ್ಯರಾಗಿದ್ದ ಫ್ರಾನ್ಸಿಸ್ ಬುಕಾನನ್ನರು 1801ರಲ್ಲಿ ಬಾಣಾವರ, ಜಾವಗಲ್ಲು, ಹಳೇಬೀಡುಗಳ ಮೇಲೆ ಹಾದುಹೋದರು. ಅವರು ಬೆಳೆ, ಮಣ್ಣು, ನೇಯ್ಗೆ, ಬೆಲೆಗಳನ್ನು ದಿನದಿನವೂ ತಾವೇ ಕೇಳಿ ಬರೆದುಕೊಂಡರು. 1807ರಲ್ಲಿ ಆ ದಿನಚರಿಯು ಮೂರು ಸಂಪುಟಗಳಾಗಿ ಪ್ರಕಟವಾಯಿತು. ಬುಕಾನನ್ನರ ಗ್ರಂಥದಲ್ಲಿ ಪ್ರವಾಸಿಯ ಕಣ್ಣು ಕಾಣುತ್ತದೆ. ಮೆಕೆಂಜಿಯವರ ಸಂಗ್ರಹದಲ್ಲಿ ಊರವರ ಬಾಯಿಯೇ ಕೇಳಿಸುತ್ತದೆ. ಜಿಲ್ಲೆಯ ಚರಿತ್ರೆಯನ್ನು ಬರೆಯುವವರಿಗೆ ಎರಡೂ ಬೇಕು.

1811ರಲ್ಲಿ ಮೆಕೆಂಜಿಯವರು ಮತ್ತೆ ಸಮುದ್ರವನ್ನು ದಾಟಿದರು. ಜಾವಾ ದ್ವೀಪದ ಮೇಲೆ ಹೊರಟ ದಂಡಿಗೆ ಮುಖ್ಯ ಇಂಜಿನಿಯರರಾಗಿ, ಸೈನ್ಯವು ಇಳಿಯತಕ್ಕ ಕರಾವಳಿಯನ್ನು ಮುಂದಾಗಿ ಪರೀಕ್ಷಿಸಿದವರು ಅವರೇ. ಯುದ್ಧವು ಮುಗಿದ ಬಳಿಕ ಕೈ ಕಟ್ಟಿ ಕೂಡಲಿಲ್ಲ. 1812ರ ಜನವರಿಯಲ್ಲಿ ಪ್ರಾಂಬಾನನ್ನಿನ ಪಾಳುಬಿದ್ದ ಹಿಂದೂ ದೇವಾಲಯಗಳನ್ನು ಹುಡುಕಿಕೊಂಡು ಹೋದರು. ಕನ್ನಡ ನಾಡಿನಲ್ಲಿ ವರ್ಷಗಟ್ಟಲೆ ಗುಡಿಗಳನ್ನು ನೋಡಿ ಬಂದವರಿಗೆ ಸಾಗರದಾಚೆಯ ಆ ಶಿಲೆಗಳು ಅಪರಿಚಿತವೆನಿಸಿರಲಾರವು. ಆ ವರ್ಷವೇ, ಐವತ್ತೆಂಟನೆಯ ವಯಸ್ಸಿನಲ್ಲಿ, ಜಾವಾದಲ್ಲಿ ಪೆಟ್ರೊನೆಲ್ಲಾ ಬಾರ್ಟೆಲ್ಸ್ ಎಂಬ ಕನ್ಯೆಯ ಪಾಣಿಗ್ರಹಣ ಮಾಡಿ ಗೃಹಸ್ಥರಾದರು. ಅಲ್ಲಿಯವರೆಗೆ ಡೇರೆಯೇ ಮನೆ, ಸಹಾಯಕರೇ ಬಂಧುಗಳು ಎಂಬಂತೆ ಬಾಳಿದವರಿಗೆ ಸಂಸಾರಸುಖವು ಹೀಗೆ ಇಳಿವಯಸ್ಸಿನಲ್ಲಿ ಒದಗಿತು.

1815ರಲ್ಲಿ ಅವರು ಭಾರತದ ಪ್ರಥಮ ಸರ್ವೇಯರ್ ಜನರಲ್ ಆಗಿ ನಿಯಮಿತರಾದರು. ಮರುವರ್ಷ ಥಾಮಸ್ ಹಿಕ್ಕಿ ಎಂಬ ಚಿತ್ರಕಾರನು ಬರೆದ ಅವರ ಚಿತ್ರಪಟವು ಲಂಡನ್ನಿನಲ್ಲಿ ಉಳಿದುಬಂದಿದೆ. ಕೆಂಪು ಅಂಗಿಯ ಅಧಿಕಾರಿಯೊಬ್ಬರೇ ಆ ಪಟದಲ್ಲಿಲ್ಲ. ಓಲೆಗರಿಯನ್ನು ಹಿಡಿದ ಧರ್ಮಯ್ಯನವರೂ, ದೂರದರ್ಶಕವನ್ನು ಹಿಡಿದ ಪರಿಚಾರಕನೂ, ಇನ್ನೊಬ್ಬ ಸಹಾಯಕರೂ ಸುತ್ತ ನಿಂತಿದ್ದಾರೆ. ಹಿಂದೆ ದೂರದಲ್ಲಿ ಕಾರ್ಕಳದ ಗೊಮ್ಮಟನು ಕಾಣುತ್ತಾನೆ. ಆ ಕಾಲದ ದೊಡ್ಡ ಅಧಿಕಾರಿಗಳ ಪಟಗಳಲ್ಲಿ ದೇಶೀಯ ವಿದ್ವಾಂಸರಿಗೆ ಇಂತಹ ಸ್ಥಾನವು ದೊರೆತುದು ವಿರಳ.

1821ನೆಯ ಮೇ 8ರಂದು ಕಲ್ಕತ್ತೆಯ ಬಳಿ ಮೆಕೆಂಜಿಯವರು ಕಾಲವಾದರು. ತಮ್ಮ ಸಂಗ್ರಹದ ಸೂಚಿಯನ್ನು ತಾವೇ ಸಿದ್ಧಪಡಿಸಬೇಕೆಂಬ ಅಭಿಲಾಷೆಯು ಈಡೇರಲಿಲ್ಲ. ಅವರ ವಿಧವಾಪತ್ನಿಯಿಂದ ಕಂಪೆನಿಯ ಸರ್ಕಾರವು ಅದನ್ನೆಲ್ಲ ಒಂದು ಲಕ್ಷ ರೂಪಾಯಿಗೆ ಕೊಂಡಿತು. 1828ರಲ್ಲಿ ವಿಲ್ಸನ್ ಪಂಡಿತರು ಪ್ರಕಟಿಸಿದ ಸೂಚಿಯಂತೆ ಅದರಲ್ಲಿದ್ದುವು 1,568 ಗ್ರಂಥಗಳು, 2,070 ಸ್ಥಳವೃತ್ತಾಂತಗಳು, 8,076 ಶಾಸನಗಳ ಪ್ರತಿಗಳು, 2,630 ಚಿತ್ರಗಳು, 6,218 ನಾಣ್ಯಗಳು. ಒಂದು ಭಾಗವು ಲಂಡನ್ನಿಗೆ ಹೋಯಿತು. ದೇಶಭಾಷೆಗಳ ಬಹುಭಾಗವು ಮದರಾಸಿಗೆ ಮರಳಿತು. ಅಷ್ಟೊಂದು ವರ್ಷ ದುಡಿದ ಲಕ್ಷ್ಮಯ್ಯನವರು ಆ ಶೋಧನೆಯನ್ನು ತಾವು ಮುಂದುವರಿಸುವೆವೆಂದು ಬೇಡಿಕೊಂಡಾಗ, ಇಂತಹ ವಿಮರ್ಶೆಗೆ ದೇಶೀಯರು ಸಾಲರೆಂಬ ಭಾವನೆಯಿಂದ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯು ಆ ಬೇಡಿಕೆಯನ್ನು ತಳ್ಳಿಹಾಕಿತು. ಯಾರ ಕೈಯಿಂದ ಭಂಡಾರವು ತುಂಬಿತೋ ಅವರ ಕೈಗೆ ಬೀಗದ ಕೈ ಸಿಕ್ಕಲಿಲ್ಲ.

ಮೋಜಣಿಯ ಮೂಲೋದ್ದೇಶವು ಗೆದ್ದವರ ಆಡಳಿತಕ್ಕೆ ಅನುಕೂಲವಾಗಲೆಂಬುದೇ ಹೊರತು ಕನ್ನಡಿಗರ ಜ್ಞಾನಾಭಿವೃದ್ಧಿಯಾಗಲೆಂಬುದಲ್ಲ, ಇದನ್ನು ಮರೆಯಲಾಗದು. ಹೀಗಿದ್ದರೂ ಉದ್ದೇಶವನ್ನು ಮೀರಿದ ಫಲವು ಉಳಿಯಿತು. ಮುಂದೆ ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳಲ್ಲಿ ಶಾಸನಗಳನ್ನು ಶಾಸ್ತ್ರೀಯವಾಗಿ ಪ್ರಕಟಿಸಿದರು. ಹಾಸನ ಜಿಲ್ಲೆಯ ಸಂಪುಟವು 1902ರಲ್ಲಿ ಹೊರಬಂದಿತು. ಕನ್ನಡ ಕೈಫಿಯತ್ತುಗಳು ಡಾ. ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಗ್ರಂಥರೂಪವನ್ನು ಪಡೆದುವು. ಶಾನುಭೋಗರು ಬರೆದುಕೊಟ್ಟ ಮಾತು ಕನ್ನಡಿಗರ ಕೈಗೆ ಮುದ್ರಿತ ಗ್ರಂಥವಾಗಿ ಬರುವುದಕ್ಕೆ ಎರಡು ಶತಮಾನಗಳಿಗೆ ಹತ್ತಿರದಷ್ಟು ಕಾಲ ಹಿಡಿಯಿತು.

ಮೆಕೆಂಜಿಯವರನ್ನು ನೆನೆಯುವುದೆಂದರೆ ಬೋರಯ್ಯ, ಲಕ್ಷ್ಮಯ್ಯ, ಧರ್ಮಯ್ಯನವರನ್ನೂ, ಹೆಸರು ಉಳಿಯದ ನೂರಾರು ಶಾನುಭೋಗರನ್ನೂ ನೆನೆಯುವುದು. ಅವರು ಬರೆದುಕೊಟ್ಟುದರಿಂದ ಉಳಿದದ್ದು ಉಳಿಯಿತು. ಯಾರೂ ಕೇಳದೆ ಬಿಟ್ಟದ್ದು ಗೆದ್ದಲಿಗೂ ಒಲೆಗೂ ಸಂದಿತು. ಜಿಲ್ಲೆಯ ಹಳೆಯ ಮನೆತನಗಳ ಅಟ್ಟಗಳಲ್ಲಿ ಕಡತವೊಂದೋ ಓಲೆಯ ಕಟ್ಟೊಂದೋ ಇದ್ದರೆ, ಅದನ್ನು ಒರಸಿ, ಓದಬಲ್ಲವರಿಗೆ ತೋರಿಸಿ, ಪ್ರತಿ ಮಾಡಿಸಿಡುವುದಕ್ಕೆ ಸರಪಣಿಯೂ ಬೇಡ, ಸೈನ್ಯವೂ ಬೇಡ. ಬಾಣಗಳನ್ನು ಹೊತ್ತ ಕಥೆಯನ್ನು ಇಷ್ಟು ಕಾಲ ಹೊತ್ತು ತಂದ ಸೀಮೆಗೆ ಅಷ್ಟು ಹೊರೆಯು ಭಾರವಾಗದು.