ನೈಪಾಲರ ಭಾರತ ಕೃತಿತ್ರಯ
ವಿ. ಎಸ್. ನೈಪಾಲ್ (1932-2018) ಪೂರ್ವಿಕರ ನಾಡಾದ ಭಾರತವನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಮೂರು ಪ್ರವಾಸಗ್ರಂಥಗಳು. ಇವರು ಹುಟ್ಟಿದ್ದು ಟ್ರಿನಿಡಾಡಿನಲ್ಲಿ; ಇವರ ಹಿರಿಯರು ಉತ್ತರ ಭಾರತದಿಂದ ಅಲ್ಲಿಗೆ ಕರಾರು ಕೂಲಿಗಳಾಗಿ ಹೋದವರು. 1962ರ ಮೊದಲ ಭೇಟಿಯ ಫಲವಾದ ‘ಆ್ಯನ್ ಏರಿಯಾ ಆಫ್ ಡಾರ್ಕ್‌ನೆಸ್’ (1964), ಮನೆಯ ಹಿರಿಯರಿಂದ ಬಂದ ಕಲ್ಪನೆಯ ಭಾರತಕ್ಕೂ ಕಣ್ಣಾರೆ ಕಂಡ ಬಡತನ, ಕೊಳಕು, ಜಾತಿಭೇದಗಳಿಗೂ ಇದ್ದ ಅಂತರವನ್ನು ಕಟುವಾಗಿ ದಾಖಲಿಸಿತು. ತುರ್ತುಪರಿಸ್ಥಿತಿಯ ಹಿನ್ನೆಲೆಯ ‘ಇಂಡಿಯಾ: ಎ ವೂಂಡೆಡ್ ಸಿವಿಲೈಸೇಷನ್’ (1977) ವಿಜಯನಗರದ ಅವಶೇಷಗಳನ್ನು ನಾಗರಿಕತೆಯ ಕುಸಿತದ ಗುರುತಾಗಿ ಕಂಡಿತು, ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯನ್ನೂ ಚರ್ಚಿಸಿತು. ‘ಇಂಡಿಯಾ: ಎ ಮಿಲಿಯನ್ ಮ್ಯುಟಿನೀಸ್ ನೌ’ (1990) ಜನರ ಮಾತಿಗೆ ಹೆಚ್ಚು ಕಿವಿಗೊಟ್ಟು, ದಲಿತರು, ಮಹಿಳೆಯರು ಮೊದಲಾದವರ ಎಚ್ಚರದಲ್ಲಿ ಭರವಸೆ ಕಂಡಿತು. ಮೊದಲ ಕೃತಿಯ ತಾತ್ಸಾರದ ಧೋರಣೆಯನ್ನು ಕವಿ ನಿಸ್ಸಿಮ್ ಎಜೆಕಿಯಲ್ ಪ್ರಬಂಧವೊಂದರಲ್ಲಿ ಖಂಡಿಸಿದರು. ನೈಪಾಲರಿಗೆ 2001ರಲ್ಲಿ ಸಾಹಿತ್ಯದ ನೊಬೆಲ್ ಪಾರಿತೋಷಕ ದೊರೆಯಿತು.